ವಿಮಾನಕ್ಕೆ ಕಟ್ಟಿದ ಲಾಳ

ನನ್ನ ಹೆಂಡತಿಯ ತಮ್ಮ ವಿಮಾನ ನಡೆಸುತ್ತಿದ್ದ. ನಾನು ಆ ವಿಮಾನ ಇಳಿಯುವ ಬಯಲಿನಲ್ಲಿ ದನ ಓಡಿಸುತ್ತಿದ್ದೆ. ಕಂಪನಿಯವರು ನನ್ನ ಕೆಲಸಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದನ್ನು ಇಟ್ಟಿದ್ದರು. ಆದರೆ ಅಳಿಯ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನನ್ನ ಅತ್ತೆ ಕೊಡುತ್ತಿದ್ದ ಉತ್ತರ ಇದೇ. ಅದರಲ್ಲಿ ಸುಳ್ಳೂ ಇರಲಿಲ್ಲ.

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯ ಮಗ್ಗುಲಿಗೆ, ಕಲ್ಲು ಆಯ್ದು ಹಸನು ಮಾಡಿದ ಒಂದು ಬಯಲು. ಮದರಾಸಿನ ಸಣ್ಣ ಕಂಪನಿಯೊಂದರ ವಿಮಾನ ವಾರಕ್ಕೊಮ್ಮೆ ಟಪಾಲು ಚೀಲ ಹೊತ್ತು ಅಲ್ಲಿಗೆ ಬರುತ್ತಿತ್ತು, ರಾತ್ರಿ ಇದ್ದು ಮರುದಿನ ಬೆಳಿಗ್ಗೆ ತಿರುಗಿ ಹೋಗುತ್ತಿತ್ತು. ನಡೆಸುವವನ ಹಿಂದೆ ಮೂರು ಜನ ಕೂಡಬಹುದು. ಹಂಪಿ ನೋಡಲು ಬರುವ ಬಿಳಿಯ ದೊರೆಗಳು, ಸೊಂಡೂರಿನ ಗಣಿಗಳ ವ್ಯವಹಾರದವರು ಹತ್ತಿ ಇಳಿಯುತ್ತಿದ್ದರು. ಕಂಪ್ಲಿಯ ಬೆಲ್ಲದ ಸಾಹುಕಾರರು ನೋಡಲು ಬರುತ್ತಿದ್ದರೇ ಹೊರತು ಹತ್ತುತ್ತಿರಲಿಲ್ಲ. ಅವರ ಬುದ್ಧಿವಂತಿಕೆಯ ಬಗ್ಗೆ ನನಗೆ ಮೊದಲಿನಿಂದಲೂ ಗೌರವ.

ಬಯಲಿನಿಂದ ಆಡು, ದನ ಓಡಿಸುವುದು, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವನ್ನು ಗಳಕ್ಕೆ ಏರಿಸುವುದು, ಪೆಟ್ರೋಲನ್ನು ತೊಗಲಿನಲ್ಲಿ ಸೋಸಿ ಹೊಯ್ಯಿಸುವುದು ನನ್ನ ಪಾಲಿನ ಕೆಲಸ. ಕಡೆಗೆ, ಎಲ್ಲ ಸರಿಯಿದೆ ಎಂದು ಹಸಿರು ಬಾವುಟ ಎತ್ತಬೇಕು. ಬಾವುಟ ಏಳದೆ ವಿಮಾನ ಏಳಬಾರದೆಂದು ಕಂಪನಿಯ ಕಟ್ಟಳೆ. ಎಲ್ಲ ಸರಿಯಿದೆ ಎಂದು ಹೇಳುವ ಕೆಲಸಕ್ಕೆ ಬಳ್ಳಾರಿ ಜಿಲ್ಲೆಯನ್ನೆಲ್ಲ ಜಾಲಾಡಿದರೂ ನನಗಿಂತ ಹೊಂದದ ಮನುಷ್ಯ ಸಿಗುತ್ತಿರಲಿಲ್ಲ. ನನ್ನ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ನಾನು ನೋಡುತ್ತಿದ್ದದ್ದು ಹೆಣ್ಣನ್ನಲ್ಲ, ಚಪ್ಪರದ ಗರಿಗೆ ಇನ್ನೇನು ತಾಗುವಂತಿದ್ದ ದೀವಟಿಗೆಯನ್ನು. ನೋಡಿ ಸುಮ್ಮನಿರದೆ, ಬೆಂಕಿ ಹತ್ತಿದರೆ ಯಾವ ಕಡೆಯಿಂದ ಓಡಬೇಕು ಎಂದು ಪುರೋಹಿತರನ್ನು ಕೇಳಿಯೂ ಬಿಟ್ಟೆ. ಅತ್ತೆಯ ಹಗೆ ಅಲ್ಲಿಂದ ಶುರು.

ನಮ್ಮ ಕಡೆ ಹಳೆಯ ಹೆಂಗಸರು ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಹೇಳುವುದನ್ನು ಮಗಳಿಗೆ ಹೇಳುತ್ತಾರೆ, ಮಗಳಿಲ್ಲದಿದ್ದರೆ ಕಂಬಕ್ಕೆ ಹೇಳುತ್ತಾರೆ, ಅಳಿಯ ಕೇಳಿಸಿಕೊಳ್ಳಬೇಕು. ಮರ್ಯಾದೆಗೆಂದು ಹುಟ್ಟಿದ ಪದ್ಧತಿ. ನಮ್ಮತ್ತೆ ಅದನ್ನು ಕವಣೆಯ ಹಾಗೆ ಬಳಸುತ್ತಿದ್ದರು. ಕಂಪ್ಲಿಯ ಮನೆಯಲ್ಲಿ ನಾನು ಹಿತ್ತಿಲಿಗೆ ಬಂದರೆ ಸಾಕು, ಎಮ್ಮೆಯ ಮುಂದೆ ಹುಲ್ಲು ಹಾಕುತ್ತ, "ಜಲ್ದಿ ತಿನ್ನವ್ವಾ. ಇಲ್ಲೊಬ್ರು ಬಂದು ನಿಂತಾರ. ಅವ್ರ ಕಣ್ಣು ಬಿತ್ತಂದ್ರ ಹರಿಯೋ ಹೊಳೀನೂ ನಿಂದ್ರತೈತಿ, ನಿನ್ನ ಹಾಲು ಯಾವ ಲೆಕ್ಕ" ಎನ್ನುತ್ತಿದ್ದರು. ಎಮ್ಮೆ ನನ್ನನ್ನು ನೋಡುತ್ತಿತ್ತು. ಅದಕ್ಕೂ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದಂತೆ ಕಾಣಲಿಲ್ಲ.

ಇನ್ನು ಅವರ ಮಗ. ವಿಮಾನ ನಡೆಸುವುದನ್ನು ಅವನು ಚೆನ್ನಾಗಿಯೇ ಕಲಿತಿದ್ದ, ಅದರಲ್ಲಿ ನನ್ನ ತಕರಾರಿಲ್ಲ. ತಕರಾರಿದ್ದದ್ದು ಅವನು ಕೂಡುವ ಜಾಗದ ಬಗ್ಗೆ. ಅದಕ್ಕೆ ನಾವು ಗೂಡು ಅನ್ನುತ್ತಿದ್ದೆವು. ಆ ಗೂಡಿನೊಳಗೆ ವಾರಕ್ಕೊಂದು ಏನಾದರೂ ಸಣ್ಣದು ನಡೆಯುತ್ತಿತ್ತು. ಸಣ್ಣದು ಎಂಬುದು ಅವನ ಮಾತು.

ಅವನಿಗೆ ಕಂಪ್ಲಿ ಬೆಲ್ಲ ಕಡಿಯುತ್ತ ಹಾರುವ ಚಟ. ಎದುರಿನ ಹಲಗೆಯ ಮೇಲೆ, ಗಡಿಯಾರದಂಥ ಡಬ್ಬಿಗಳ ಪಕ್ಕ ಯಾವಾಗಲೂ ಒಂದು ಅಚ್ಚು ಬೆಲ್ಲ ಇರುತ್ತಿತ್ತು. ಬೆಲ್ಲಕ್ಕೆ ಇರುವೆ ಬಂದವು. ಬಂದ ಇರುವೆ ಎತ್ತರ ತೋರಿಸುವ ಡಬ್ಬಿಯ ಗಾಜಿನೊಳಗೆ ಹೊಕ್ಕವು, ಮುಳ್ಳು ತಡೆದು ನಿಂತಿತು. ಇನ್ನೂ ಎತ್ತರದಲ್ಲಿದ್ದೇನೆ ಎಂದುಕೊಂಡು ಅವನು ಇಳಿಯುತ್ತಿದ್ದಾಗ ನೆಲವೇ ಎದ್ದುಬಂದು ಬಡಿದು, ವಿಮಾನ ಕಪ್ಪೆಯ ಹಾಗೆ ನೆಗೆಯಿತು. ಒಳಗಿದ್ದ ದೊರೆಯ ಟೋಪಿ ನೆತ್ತಿಯಿಂದ ಮೂಗಿಗೆ ಇಳಿದಿತ್ತು. ಅವರು ಹೋದ ಮೇಲೆ ನಾನು ಗೂಡಿನೊಳಗೆ ಬಗ್ಗಿ ನೋಡಿ, "ಗಾಜಿನೊಳಗ ಇರುವಿ ಹೊಕ್ಕಾವಲ್ಲೋ" ಎಂದೆ.

"ಹೊಕ್ಕ್ರ ಹೊಕ್ಲಿ. ಟಿಕೀಟು ಕೇಳ್ಲೇನು ಅವನ್ನ?" ಎಂದ.

ಇನ್ನೊಮ್ಮೆ ಅವನ ಚಪ್ಪಲಿಯ ಬಾರು ಕಾಲಿನಿಂದ ತಳ್ಳುವ ಪಟ್ಟಿಗೆ ಸಿಕ್ಕಿಕೊಂಡಿತು. ಓಡುತ್ತಿದ್ದ ವಿಮಾನ ದಾರಿ ಬಿಟ್ಟು ಪಕ್ಕದ ಜೋಳದ ಹೊಲಕ್ಕೆ ನುಗ್ಗಿತು. ಮತ್ತೊಮ್ಮೆ ರೆಕ್ಕೆಗೆ ಸಿಕ್ಕಿಸಿದ ಗಾಳಿ ಕುಡಿಯುವ ಸಣ್ಣ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ, ವೇಗ ತೋರಿಸುವ ಡಬ್ಬಿ ಸತ್ತುಹೋಯಿತು. ಹಂಪಿಯ ಮೇಲೆ ಹೋಗುವಾಗ ನಕಾಶೆ ಕಿಟಕಿಯಿಂದ ಹಾರಿಹೋದದ್ದೂ ಉಂಟು. ಹೊಳೆಯಲ್ಲಿ ಹರಿಗೋಲು ಹಾಕುವವನೊಬ್ಬ ಅದನ್ನು ಒಣಗಿಸಿ ತಂದುಕೊಟ್ಟ. "ಊರು ಕೇರಿ ನನಗ ಗೊತ್ತಾವ್ರೀ ಭಾವ. ನಿಮ್ಮಂಗ ಕಾಗದ ನೋಡಿ ಮನೀಗೆ ಹೋಗಾಂವಲ್ಲ ನಾನು" ಎಂದು ಮೈದುನ ಅದನ್ನು ಕೂಡುವ ಮೆತ್ತೆಯ ಕೆಳಗೆ ತುರುಕಿದ.

ಪ್ರತಿ ಸಲವೂ ಅವನ ಕಡೆಯ ಮಾತು ಒಂದೇ: "ಏನಾರ ಆತೇನ್ರಿ? ಆಗ್ಲಿಲ್ಲಲ್ಲ."

ಈ ಮಾತಿಗೆ ಉತ್ತರ ಕೊಡುವುದು ಕಷ್ಟ. ಆಗಿಲ್ಲ ನಿಜ. ಆದರೆ ಸೊಂಡೂರಿನ ಘಟ್ಟದಲ್ಲಿ ಅದಿರು ಇಳಿಸುವ ಬಂಡಿಯವರನ್ನು ಕೇಳಿ ನೋಡಬೇಕು. ಗಾಲಿ ಕಳಚದಂತೆ ಹಿಡಿಯುವ ಕಡಾಣಿ ಸಡಿಲಾದ ಬಂಡಿ ಬಯಲು ದಾರಿಯಲ್ಲಿ ಊರಿಂದೂರಿಗೆ ಹೋಗಿ ಬರುತ್ತದೆ, ಏನೂ ಆಗುವುದಿಲ್ಲ. ಮಳೆಗೆ ಎತ್ತು ಜಾರುವುದೂ ದೊಡ್ಡದಲ್ಲ, ಎದ್ದು ನಿಲ್ಲುತ್ತದೆ. ಇಳಿಜಾರಿನಲ್ಲಿ ಎತ್ತು ಜಾರಿದ ಗಳಿಗೆಗೇ ಕಡಾಣಿಯೂ ಕಳಚಿದರೆ ಮಾತ್ರ ಬಂಡಿ, ಎತ್ತು, ಮನುಷ್ಯ ಮೂರನ್ನೂ ಕೆಳಗಿನಿಂದ ಹೊತ್ತು ತರಬೇಕಾಗುತ್ತದೆ. ಸಣ್ಣ ತಪ್ಪು ತನ್ನ ಜೋಡಿಗಾಗಿ ಕಾಯುತ್ತಿರುತ್ತದೆ ಎಂಬುದು ನನ್ನ ಎಣಿಕೆ. ಇದನ್ನು ನಾನು ತಾಳ್ಮೆಯಿಂದ ಹೇಳಿದ್ದರೆ ಯಾರಾದರೂ ಕೇಳುತ್ತಿದ್ದರೋ ಏನೋ. ನಾನು ಹೇಳುತ್ತಿದ್ದದ್ದು ಊಟಕ್ಕೆ ಕುಳಿತಾಗ, ಅದೂ ಅವನ ಬಾಯಿಗೆ ತುತ್ತು ಹೋಗುವಾಗ.

ಒಮ್ಮೆ ಕಂಪನಿಯ ದೊಡ್ಡ ಸಾಹೇಬರು ಹಂಪಿ ನೋಡಲು ಬಂದರು. ಗುಡಿಯ ನೆರಳಲ್ಲಿ ಅವರ ಪಕ್ಕ ನಡೆಯುತ್ತ, ಬೆಲ್ಲ, ಇರುವೆ, ಚಪ್ಪಲಿ, ಕಣಜ ಎಲ್ಲವನ್ನೂ ಒಪ್ಪಿಸಿದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧ್ಯಾಹ್ನದ ಊಟದಲ್ಲಿ ಅದೇ ಕಥೆಯನ್ನು ನನ್ನ ಮೈದುನನಿಗೇ ಹೇಳಿ ಇನ್ನೊಮ್ಮೆ ನಕ್ಕರು. ಅವನೂ ನಕ್ಕ. ಸಾಯಂಕಾಲ ನನ್ನನ್ನು ಪೆಟ್ರೋಲ್ ಡಬ್ಬಿಗಳ ಗುಡಿಸಲಿನ ಹಿಂದೆ ನಿಲ್ಲಿಸಿ, "ಅಕ್ಕನ ಗಂಡ ಅಂತ ಬಿಟ್ಟೀನಿ. ಬ್ಯಾರೆಯಾಂವ ಆಗಿದ್ರ ಆ ಗಳಕ್ಕ ಏರಿಸಿ ಗಾಳಿ ಯಾ ಕಡಿ ಐತಿ ನೋಡ್ತಿದ್ದೆ" ಎಂದ. ಆಮೇಲೆ ಅವನು ನಮ್ಮ ಮನೆಯಲ್ಲಿ ನೀರು ಸಹ ಮುಟ್ಟಲಿಲ್ಲ. ಹೆಂಡತಿ ನನ್ನ ತಾಟನ್ನು ಇಡುವ ಸದ್ದಿನಲ್ಲೇ ಅವಳ ಅಭಿಪ್ರಾಯ ಗೊತ್ತಾಗುತ್ತಿತ್ತು. ಅತ್ತೆ ಅಂತೂ ಕಂಪ್ಲಿಯಿಂದ ಬಂದಾಗೆಲ್ಲ ನಮ್ಮ ನಡುಮನೆಯ ಕಂಬದ ಜೊತೆ ಬಹಳ ಹೊತ್ತು ಮಾತಾಡತೊಡಗಿದರು.

ಅವರ ಪ್ರಕಾರ ಗೂಡಿನಲ್ಲಿ ನಡೆದ ಪ್ರತಿಯೊಂದಕ್ಕೂ ಕಾರಣ ನಾನೇ. ಇರುವೆಯಲ್ಲ, ಬಾರಲ್ಲ, ಕಣಜವಲ್ಲ, ನನ್ನ ಕಣ್ಣು. "ಇವ್ರು ಬಿದ್ದೀತು ಬಿದ್ದೀತು ಅಂತ ನೋಡ್ತಾ ನಿಂದರ್ತಾರ, ಅದಕ್ಕ ಅದು ಬೀಳಾಕ ನೋಡತೈತಿ. ಕಂಬಾ, ನೀನಾರ ಹೇಳು."

ಹೀಗಿರುವಾಗ ದಸರೆ ಬಂತು. ಮಹಾನವಮಿಯ ದಿನವೇ ವಿಮಾನ ಬಂದಿಳಿಯಿತು. ಆಯುಧ ಪೂಜೆ ಬಿಡುವ ಹಾಗಿಲ್ಲ. ನೇಗಿಲು, ಬಂಡಿ, ಟಾಂಗಾ ಎಲ್ಲಕ್ಕೂ ಪೂಜೆ ಆಗುವಾಗ ವಿಮಾನ ಏನು ಪಾಪ ಮಾಡಿದೆ? ಅತ್ತೆ ಮಡಿಯುಟ್ಟು ಬಯಲಿಗೆ ಬಂದರು. ಬರುವ ಮೊದಲೇ ಕಾವಲುಗಾರನಿಗೆ ಹೇಳಿಕಳಿಸಿದ್ದರು: ಪೂಜೆಯ ಹೊತ್ತಿನಲ್ಲಿ ಒಬ್ಬರು ವಿಮಾನದ ಕಡೆ ಕಣ್ಣೆತ್ತಬಾರದು. ಕಾವಲುಗಾರ ಮಲಪನಗುಡಿಯವನು, ನನ್ನ ಕೈಕೆಳಗಿನವನು. "ಗುಮಾಸ್ತ್ರ, ನಿಮ್ಮನ್ನ ಗುಡಿಸಲಾಗ ಕುಂದ್ರಸ್ರಿ ಅಂದಾರ. ಬಾಗಿಲಾ ಹಾಕ್ಲೋ, ನೀವ ಹಾಕ್ಕೋತೀರೋ?" ಎಂದು ಕೇಳಿದ.

ಗುಡಿಸಲಿನ ಗಳಗಳ ಸಂದಿಯಿಂದ ನೋಡಿದೆ. ಮೂತಿಯ ತಿರುಗುವ ಹಲಗೆಗೆ ಕುಂಕುಮ, ರೆಕ್ಕೆಗಳಿಗೆ ಬಾಳೆಕಂದು, ಚೆಂಡುಹೂವಿನ ಮಾಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ಕುಂಬಳಕಾಯಿ ಒಡೆದಾಯಿತು. ಆಮೇಲೆ ಅತ್ತೆ, ಮಗನ ಕೈ ಹಿಡಿದುಕೊಂಡು, ಸೀರೆ ಎತ್ತಿ ಕಟ್ಟಿ, ಗೂಡಿನೊಳಗೇ ಹತ್ತಿದರು. ಕೆಂಪು ಬಟ್ಟೆಯ ಗಂಟೊಂದನ್ನು ಡಬ್ಬಿಗಳ ಹಲಗೆಯ ಹಿಂದೆಲ್ಲೋ ಕೈ ತೂರಿಸಿ ಕಟ್ಟುತ್ತಿದ್ದದ್ದು ಕಂಡಿತು. ಅವನು ಏನೋ ಕೇಳಿದ, ಅವರು ಏನೋ ಹೇಳಿದರು. ದೇವಿಯ ಭಂಡಾರ ಇರಬೇಕು ಎಂದುಕೊಂಡೆ. ಅರಿಸಿನದ ಪುಡಿ ಉದುರಿ ಡಬ್ಬಿಗಳ ಮೇಲೆ ಕೂತರೆ ಏನು ಗತಿ ಎಂದು ಚಿಂತೆ ಹತ್ತಿತು. ನಾನು ಚಿಂತಿಸಿದ್ದು ಅರಿಸಿನದ ಬಗ್ಗೆ.

ಪೂಜೆ ಮುಗಿದು ಬಾಗಿಲು ತೆಗೆದ ಮೇಲೆ ಮೈದುನ ನನ್ನ ಮುಂದೆ ಬಂದು ನಿಂತು ಹೇಳಿದ: "ನಾಳೆ ಅಕ್ಕ ನನ್ನ ಜೊತಿ ಮದರಾಸಿಗೆ ಬರ್ತಾಳ. ಹಿಂದ ಯಾರೂ ಇಲ್ಲ, ಖಾಲಿ ಐತಿ. ಸಮುದ್ರ ತೋರಿಸಿ ಕಳಿಸ್ತೀನಿ. ನಿಮ್ಮನ್ನ ಕೇಳಾಕ ಬಂದಿಲ್ಲ, ಹೇಳಾಕ ಬಂದೀನಿ."

ಮನೆಯಲ್ಲಿ ನಾನು ಹೆಂಡತಿಗೆ ಇರುವೆಯಿಂದ ಹಿಡಿದು ಕಣಜದವರೆಗೆ ಎಲ್ಲ ಮತ್ತೊಮ್ಮೆ ಹೇಳಿದೆ. ಅವಳು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಕಲ್ಲು ನಿಲ್ಲಿಸಲಿಲ್ಲ.

"ಹಂಪಿ ಇಲ್ಲೇ ಕಾಲಬುಡಕ್ಕೈತಿ. ಮದುವಿ ಆದಾಗಿಂದ ಒಮ್ಮ್ಯಾರ ಕರ್ಕೊಂಡು ಹೋಗೀರೇನು?"

"ಹಾವು ಭಾಳ ಅಲ್ಲಿ. ಮ್ಯಾಲಿಂದ ಕಲ್ಲು ಉಳ್ಳತಾವ..."

"ಅವು ಉಳ್ಳದ ನಿಂತು ಎಷ್ಟು ಕಾಲ ಆತು? ನೀವು ಬರ್ತೀರಂತ ಕಾಯಾಕ ಹತ್ಯಾವೇನು?" ಎಂದಳು. "ನಾ ಹೋಗಾಕಿ. ಬ್ಯಾಡ ಅನ್ನೋದಿದ್ರ ಅನ್ರಿ, ಅಂದು ಮಲಗ್ರಿ."

ಮರುದಿನ ವಿಜಯದಶಮಿ. ಹೊರಡಲು ಮುಹೂರ್ತ ನೋಡಬೇಕಾಗಿಲ್ಲದ ದಿನ. ಮುಹೂರ್ತ ಬೇಡ, ಆಕಾಶ ನೋಡಿದ್ದರೆ ಸಾಕಿತ್ತು. ಮೋಡ ಕೆಳಗಿಳಿದು ಹಂಪಿಯ ಕಡೆಯ ಬೆಟ್ಟಗಳ ನೆತ್ತಿ ಮುಚ್ಚಿತ್ತು. ಸೊಂಡೂರಿನ ಗುಡ್ಡಗಳ ಸಾಲು ಇರುವ ಕಡೆ ಬರೀ ಬೂದಿ ಬಣ್ಣದ ಗೋಡೆ. ಮದರಾಸಿಗೆ ನೇರ ಹೋಗುವ ದಾರಿ ಆ ಗುಡ್ಡಗಳ ಮಗ್ಗುಲಿಗೇ ಹಾಯುತ್ತದೆ. ತಿಳಿಯಾದ ದಿನ ಅದು ತೊಂದರೆಯಲ್ಲ, ಗುಡ್ಡ ಕಾಣುತ್ತದೆ, ಎಡಕ್ಕೆ ಸರಿದು ಹೋಗಬಹುದು. ಕಾಣದ ದಿನ ರೈಲು ಹಳಿ ಹಿಡಿದು ತೋರಣಗಲ್ಲಿನ ಮೇಲೆ ಬಳ್ಳಾರಿಗೆ ಹೋಗಿ ಅಲ್ಲಿಂದ ತಿರುಗುವುದು ಪದ್ಧತಿ.

"ಹಳಿ ಹಿಡಿದು ಹೋಗು. ಇಲ್ಲಾ ಮಧ್ಯಾಹ್ನದ ತನಕ ನಿಂದ್ರು" ಎಂದೆ.

"ಹಳಿ ಹಿಡಿಯಾಕ ನಾ ಏನು ಗೂಡ್ಸ್ ಗಾಡಿ ಏನ್ರಿ? ಮೋಡದ ಮ್ಯಾಲ ಬಿಸಿಲೈತಿ. ಕಂಪಾಸು ನೋಡಿಕೋತ ನೆಟ್ಟಗ ಏರ್ತೀನಿ, ಮ್ಯಾಲ ಹೋದ್ರ ಮುಗೀತು."

ಹೆಂಡತಿ ಆಗಲೇ ಹತ್ತಿ ಕುಳಿತಿದ್ದಳು. ಹಸಿರು ಸೀರೆ, ತಲೆಗೆ ಸೆರಗು ಬಿಗಿದು, ನನ್ನ ಕಡೆ ನೋಡದೆ. ಅತ್ತೆ ರೆಕ್ಕೆಯ ಆಚೆ ಎಲೆ ಅಡಿಕೆ ಜಗಿಯುತ್ತ ನಿಂತಿದ್ದರು. ನನಗೆ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ಒಂದೇ, ಅವಳು ಇಳಿಯಬೇಕು. ಅದಕ್ಕೆ ನನ್ನ ಕೈಯಲ್ಲಿ ಇದ್ದದ್ದೂ ಒಂದೇ, ಬಾವುಟ. ಅದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

"ಗೆರಿ ಮ್ಯಾಲ ತಂದು ನಿಲ್ಸು" ಎಂದೆ. "ಮುಳ್ಳು ನೋಡಿದ ಮ್ಯಾಲ ಎತ್ತತೀನಿ."

ಗೆರೆ ಎಂದರೆ ಬಯಲಿನ ಒಂದು ಮೂಲೆಯಲ್ಲಿ ನಾನು ಸುಣ್ಣದಲ್ಲಿ ಎಳೆದಿದ್ದ ಉತ್ತರ ದಕ್ಷಿಣದ ಗೆರೆ. ಅದರ ಮೇಲೆ ವಿಮಾನವನ್ನು ಉತ್ತರಕ್ಕೆ ಮುಖಮಾಡಿ ನಿಲ್ಲಿಸಿದರೆ ದಿಕ್ಕು ತೋರಿಸುವ ಕಂಪಾಸಿನ ಮುಳ್ಳು ಸರಿಯಾಗಿ ಉತ್ತರದ ಗುರುತಿಗೆ ಬರಬೇಕು. ಕಂಪನಿಯವರೇ ಹಾಕಿಸಿದ್ದು. ಹಾಕಿಸಿ ಮರೆತಿದ್ದರು. ನಾನು ಮಾತ್ರ ಬೇರೆ ಚಿಂತೆ ಸಿಗದ ದಿನ ನೋಡುತ್ತಿದ್ದೆ. ಆ ಬೆಳಿಗ್ಗೆ ನನಗೆ ಕಂಪಾಸಿನ ಮೇಲೆ ವಿಶೇಷ ಅನುಮಾನವೇನೂ ಇರಲಿಲ್ಲ. ಹೊತ್ತು ಕಳೆದರೆ ಮೋಡ ಏರಬಹುದು ಎಂಬ ಆಸೆ, ಅಷ್ಟೇ.

"ಕೇಳಿದೇನವ್ವಾ?" ಎಂದು ಅತ್ತೆ ಮಗಳಿಗೆ ಹೇಳಿದರು. "ಒಳ್ಳೆ ದಿನ, ಒಳ್ಳೆ ಹೊತ್ತು. ಅಪಶಕುನ ಕಂಕುಳಾಗ ಹಿಡಕೊಂಡು ನಿಂತಾರ."

ಮೈದುನ ಹಲ್ಲು ಕಡಿದ. ಬಾವುಟವಿಲ್ಲದೆ ಹೊರಟರೆ ಕೆಲಸ ಹೋಗುತ್ತದೆಂದು ಅವನಿಗೂ ಗೊತ್ತಿತ್ತು. ಬಾಲದ ಕಡೆ ಕಾವಲುಗಾರನೂ ನಾನೂ ನೂಕಿ ವಿಮಾನವನ್ನು ಗೆರೆಯ ಮೇಲೆ ಕೂಡಿಸಿದೆವು. ಅವನು ಬಗ್ಗಿ ನೋಡಿದ. ನಾನು ಕಿಟಕಿಯಿಂದ ನೋಡಿದೆ. ಮುಳ್ಳು ಗುರುತಿನ ಮೇಲೆ ಇರಲಿಲ್ಲ. ಸ್ವಲ್ಪ ಅತ್ತಿತ್ತ ಅಲ್ಲ. ಹಸುವಿನ ಕೊಂಬಿನಷ್ಟು ಓರೆಯಾಗಿತ್ತು.

"ನಿಮ್ಮ ಗೆರಿ ಸೊಟ್ಟ" ಎಂದ ಮೈದುನ.

"ಗೆರಿ ಸೊಟ್ಟಲ್ಲ. ನಿನ್ನ ಮುಳ್ಳು ಸೊಟ್ಟ."

"ಗೆರಿ ಎಳದಾವ್ರು ಯಾರು?"

ಈ ಪ್ರಶ್ನೆಗೆ ನಾನೇ ಎಂದು ಹೇಳಬೇಕಾಯಿತು. ಕಾವಲುಗಾರ ಗಂಟಲು ಸರಿಮಾಡಿಕೊಂಡು, "ಅವತ್ತು ಹಗ್ಗ ಹಿಡದಾಗ ಗುಮಾಸ್ತ್ರು ಎದ್ದೆದ್ದು ಹಾವು ಐತೇನು ನೋಡ್ತಿದ್ರು, ಖರೇನ" ಎಂದ. ಒಳಗಿನಿಂದ ನನ್ನ ಹೆಂಡತಿಯೂ ಬಾಯಿಬಿಟ್ಟಳು: "ಅವ್ರು ಮನಿ ಮುಂದ ರಂಗೋಲಿ ಎಳಿ ಹಾಕಿದ್ರೂ ಸೊಟ್ಟನ ಬರತೈತಿ." ನನ್ನ ಪರವಾಗಿ ಅಲ್ಲಿ ಒಬ್ಬರಾದರೂ ಇದ್ದರೆ ಅದು ಮುಳ್ಳೊಂದೇ, ಅದೂ ಯಾವ ಕಡೆ ಅಂತ ಹೇಳುತ್ತಿರಲಿಲ್ಲ.

ಆದರೂ ನಾನು ಬಾವುಟ ಬಿಡಲಿಲ್ಲ. ಮೂತಿಯ ಮುಂದೆ ಹೋಗಿ, ಪಂಚೆ ಮೇಲೆತ್ತಿಕೊಂಡು, ನೆಲದ ಮೇಲೆ ಕುಳಿತೆ. ಕೂತ ಮೇಲೆ ತಿರುಗುವ ಹಲಗೆ ನೆತ್ತಿಯ ನೇರಕ್ಕೇ ಇದೆ ಎಂದು ಕಂಡು ಸ್ವಲ್ಪ ಹಿಂದಕ್ಕೆ ಸರಿದು ಕುಳಿತೆ.

"ಏಳ್ರಿ ಭಾವ."

"ಏಳಂಗಿಲ್ಲ."

"ಮಂದಿ ನೋಡಿದ್ರ ನಗ್ತಾರ."

"ನಗ್ಲಿ. ಅಳೋದಕ್ಕಿಂತ ಬೇಸು."

ಅತ್ತೆ ಎಲೆ ಅಡಿಕೆಯ ರಸ ಉಗುಳಿದರು. ಆಮೇಲೆ, ನನ್ನನ್ನು ಸುಳ್ಳು ಮಾಡುವುದಕ್ಕೆಂದೇ, ಮೈದುನನಿಗೆ ಕಲಿಸಿದವರು ಕಲಿಸಿದ್ದೊಂದು ನೆನಪಾಯಿತೋ ಏನೋ. "ತಡೀರಿ. ಈಗ ಗೊತ್ತಾಗತೈತಿ" ಎಂದ. "ಹಿಂದ ಮುಂದ ತಿರುಗಸ್ರಿ ಇದನ್ನ. ದಕ್ಷಿಣಕ್ಕ ಮಾರಿ ಮಾಡಿ ಅದ ಗೆರಿ ಮ್ಯಾಲ ನಿಲ್ಸೂಣು. ಗೆರಿ ಸೊಟ್ಟಿದ್ರ ಮುಳ್ಳು ಈಗ ತಪ್ಪಿದ ಕಡೀಗೇ ಮತ್ತ ತಪ್ಪತೈತಿ. ಒಳಗ ಏನಾರ ಮುಳ್ಳನ್ನ ಜಗ್ಗತಿದ್ರ, ವಿಮಾನದ ಜೊತಿ ಅದೂ ತಿರುಗತೈತಿ, ಮುಳ್ಳು ಇನ್ನೊಂದು ಕಡಿ ತಪ್ಪತೈತಿ. ಆಗಬಹುದಾ?"

"ಆಗಬಹುದು" ಎಂದೆ. ನನಗೆ ಅರ್ಥವಾಗಿರಲಿ ಬಿಡಲಿ, ಹೊತ್ತಂತೂ ಹೋಗುತ್ತಿತ್ತು.

ತಿರುಗಿಸಿದೆವು. ಅವನು ಬಗ್ಗಿದವನು ಬಗ್ಗಿಯೇ ಇದ್ದ. ಮುಳ್ಳು ಇನ್ನೊಂದು ಕಡೆ ಹೋಗಿತ್ತು. ಮೊದಲಿನಷ್ಟೇ ಅಲ್ಲ, ಸ್ವಲ್ಪ ಕಡಿಮೆ. ಅಂದರೆ ಮುಳ್ಳೂ ಸೊಟ್ಟ, ನನ್ನ ಗೆರೆಯೂ ಸ್ವಲ್ಪ ಸೊಟ್ಟ. ಆ ಎರಡನೆಯದನ್ನು ಅವನು ಮೊದಲು ಹೇಳಿದ. ಆದರೆ ಹೇಳುವಾಗ ಅವನ ದನಿಯಲ್ಲಿ ಜಗಳ ಇರಲಿಲ್ಲ. ಕತ್ತು ಎತ್ತಿ ಸೊಂಡೂರಿನ ಕಡೆಯ ಬೂದಿ ಗೋಡೆಯನ್ನು ಒಮ್ಮೆ ನೋಡಿದ. ಈ ಮುಳ್ಳು ನಂಬಿ ಹೋಗಿದ್ದರೆ ಮೂತಿ ಯಾವ ಕಡೆ ತಿರುಗುತ್ತಿತ್ತೆಂದು ಅವನು ಲೆಕ್ಕ ಹಾಕುತ್ತಿದ್ದದ್ದು ನನಗೂ ತಿಳಿಯಿತು.

"ಕಬ್ಬಿಣ" ಎಂದ. "ಗೂಡಿನಾಗ ಎಲ್ಲೋ ಕಬ್ಬಿಣ ಐತಿ."

ಮೊದಲು ಬೆಲ್ಲ ಕೊಯ್ಯುವ ಚಾಕು ಹೊರಗೆ ಬಂತು. ಮುಳ್ಳು ಅಲುಗಲಿಲ್ಲ. ಹೆಂಡತಿಯ ಸೊಂಟದ ಬೀಗದ ಕೈ ಗೊಂಚಲು ಬಂತು. ಊಹೂಂ. ಆಮೇಲೆ ಅವನು ಕೂಡುವ ಮೆತ್ತೆಯ ಪಕ್ಕದಿಂದ ಒಂದು ಛತ್ರಿ ಎಳೆದು ಎತ್ತಿ ಹಿಡಿದ. "ಇದು ಯಾರದು?"

ನನ್ನದು. ಮದರಾಸಿನಲ್ಲಿ ಮಳೆ ಬಂದರೆ ಇರಲಿ ಎಂದು ಹೆಂಡತಿಗಾಗಿ ಅವತ್ತು ಬೆಳಿಗ್ಗೆ ನಾನೇ ತುರುಕಿದ್ದೆ.

"ನೋಡ್ರಿ, ಕಬ್ಬಿಣದ ಕಡ್ಡಿ" ಎಂದು ಅವನು ಗೆದ್ದವನ ಹಾಗೆ ಅದನ್ನು ಬಯಲಿಗೆ ಒಗೆದ. ಆದರೆ ಮುಳ್ಳು ಅಲುಗಲಿಲ್ಲ. ಆ ಮುಳ್ಳಿನ ಮೇಲೆ ನನಗೆ ಇವತ್ತಿಗೂ ಕೃತಜ್ಞತೆ ಇದೆ.

"ಕಬ್ಬಿಣ ಬ್ಯಾರೆ ಯಾರರ ಇಟ್ಟೀರೇನು?" ಎಂದು ಅವನು ಕೂಗಿದ. ಕಾವಲುಗಾರ ಇಲ್ಲವೆಂದ. ನಾನು ಇಲ್ಲವೆಂದೆ, ಯಾರೂ ನಂಬಲಿಲ್ಲ. ಅತ್ತೆಯ ದವಡೆ ಮಾತ್ರ ಜಗಿಯುವುದನ್ನು ನಿಲ್ಲಿಸಿತ್ತು.

ಅವರು ನಡೆದುಬಂದರು. ನನ್ನನ್ನು ದಾಟಿ, ಮಗನನ್ನು ಮೊಣಕೈಯಿಂದ ಸರಿಸಿ, ಗೂಡಿನೊಳಗೆ ಕೈ ಚಾಚಿ, ಡಬ್ಬಿಗಳ ಹಲಗೆಯ ಹಿಂದಿನಿಂದ ಕೆಂಪು ಗಂಟನ್ನು ಕಿತ್ತರು. ಗಂಟು ಬಿಚ್ಚಿತು. ಒಳಗೆ ಭಂಡಾರ ಇರಲಿಲ್ಲ. ಹೊಸಪೇಟೆ ಸ್ಟೇಷನ್ನಿನ ದಾರಿಯಲ್ಲಿ ಟಾಂಗಾ ಕುದುರೆ ಕಳಚಿಕೊಂಡಿದ್ದ, ಸವೆದ ಲಾಳ. ದೃಷ್ಟಿ ತಾಗದಿರಲಿ ಎಂದು ಬಾಗಿಲ ಹೊಸ್ತಿಲಿಗೆ ಹೊಡೆಯುತ್ತೇವಲ್ಲ, ಅದೇ. ಕಂಪಾಸಿನ ಮುಳ್ಳು ಒಮ್ಮೆ ನಡುಗಿ, ನಿಧಾನವಾಗಿ ಸರಿದು ಗುರುತಿನ ಹತ್ತಿರಕ್ಕೆ ಹೋಗಿ ನಿಂತಿತು.

ಅತ್ತೆ ಲಾಳವನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಮಗಳ ಕಡೆಯಲ್ಲ, ಕಂಬ ಅಲ್ಲಿರಲಿಲ್ಲ. ಮದುವೆಯಾದಂದಿನಿಂದ ಮೊದಲ ಸಲ ನನ್ನ ಮುಖ ನೋಡಿ, "ನಿಮ್ಮ ಸಲುವಾಗೇ ಕಟ್ಟಿದ್ದು. ನಿಮ್ಮ ಕಣ್ಣಿಗಿ ಅಂಜಿ" ಎಂದರು.

"ಗೊತ್ತಾತ್ರಿ" ಎಂದೆ. ನನ್ನ ಹೆಂಡತಿ ಆ ವಿಮಾನದಲ್ಲಿ ಗುಡ್ಡಕ್ಕೆ ಬಡಿದು ಸತ್ತಿದ್ದರೆ ಅದಕ್ಕೆ ಕಾರಣ ನನ್ನ ಕಣ್ಣು ಎಂದೇ ಅವರು ಸಾಯುವ ತನಕ ನಂಬುತ್ತಿದ್ದರು, ಪ್ರಾಯಶಃ ನಾನೂ ನಂಬುತ್ತಿದ್ದೆ.

ಇಷ್ಟಾದ ಮೇಲೆ ಹೆಂಡತಿ ಇಳಿಯುತ್ತಾಳೆ ಎಂದು ನನ್ನ ಎಣಿಕೆ. ಅವಳು ಬೀಗದ ಕೈ ಗೊಂಚಲನ್ನು ತಮ್ಮನಿಂದ ಇಸಿದುಕೊಂಡು ಕಿಟಕಿಯಿಂದ ನನ್ನ ಕೈಗೆ ಹಾಕಿ, "ಮುಳ್ಳು ನೆಟ್ಟಗಾತಿಲ್ಲೋ? ಈಗೇನು ನೆಪ?" ಎಂದಳು.

ನೆಪ ಇರಲಿಲ್ಲ. ಮೋಡ ಹಾಗೇ ಇತ್ತು, ಆದರೆ ಮೋಡದಲ್ಲಿ ಕಂಪಾಸು ಹಿಡಿದು ಹೋಗಬಾರದೆಂದು ಕಟ್ಟಳೆಯಲ್ಲಿ ಇರಲಿಲ್ಲ. ಬಾವುಟ ಹಿಡಿದ ಕೈ ಮೇಲೆ ಹೋಗಲೊಲ್ಲದು. ಬಲಗೈಯನ್ನು ಎಡಗೈಯಿಂದ ಎತ್ತಿದ ಹಾಗೆ ಎತ್ತಿದೆ. ವಿಮಾನ ಓಡಿತು, ಎದ್ದಿತು, ಮೋಡದೊಳಗೆ ಹೋಯಿತು. ಸ್ವಲ್ಪ ಹೊತ್ತು ಸದ್ದಿತ್ತು, ಆಮೇಲೆ ಅದೂ ಇಲ್ಲ.

ಆ ದಿನ ಸಂಜೆ ಊರೆಲ್ಲ ಬನ್ನಿ ಹಿಡಿದುಕೊಂಡು ಮನೆಮನೆಗೆ ತಿರುಗುತ್ತಿತ್ತು. ವರ್ಷವೆಲ್ಲ ಕಾದಾಡಿದವರೂ ಆ ಸಂಜೆ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಕೈ ಮುಗಿಯಬೇಕು, ಪದ್ಧತಿ. ನಮ್ಮ ಮನೆಯಲ್ಲಿ ನಾನೂ ಅತ್ತೆಯೂ ಇಬ್ಬರೇ, ನಡುಮನೆಯ ಎರಡು ತುದಿಗೆ. ಬಂದವರಿಗೆ ನಾನು ಬನ್ನಿ ಕೊಟ್ಟೆ. ಅತ್ತೆ ಯಾರಿಂದಲೂ ತಗೊಳ್ಳಲಿಲ್ಲ. "ಹುಡುಗ್ರು ಮುಟ್ಟಿದ ಸುದ್ದಿ ಬರ್ಲಿ" ಎಂದು ಕಂಬಕ್ಕೆ ಹೇಳಿದರು. ನಾನೂ ಅವರ ಹತ್ತಿರ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಂತಿ ಬಂತು: ಇಬ್ಬರೂ ತಲುಪಿದ್ದಾರೆ. ಓದಿ ಹೇಳಿದೆ. ಅತ್ತೆ ಎದ್ದು ಮುಖ ತೊಳೆದು, ದೇವರಿಗೆ ದೀಪ ಹಚ್ಚಿ, ಬನ್ನಿಯ ಎರಡು ಎಲೆ ತಂದು ನನ್ನ ಕೈಗೆ ಕೊಡದೆ ನನ್ನೆದುರಿನ ನೆಲದ ಮೇಲೆ ಇಟ್ಟು ಒಳಗೆ ಹೋದರು. ನಾನು ಬಗ್ಗಿ ತಗೊಂಡೆ. ಅವರ ಕಾಲಿಗೆ ಬೀಳಬೇಕಿತ್ತು; ಆ ಹೊತ್ತಿಗೆ ಅವರು ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದರು.

ಹೆಂಡತಿ ರೈಲಿನಲ್ಲಿ ವಾಪಸು ಬಂದಳು. ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ಸಮುದ್ರದ ಬಗ್ಗೆ ಒಂದೇ ಮಾತು ಹೇಳಿದಳು, ಸದ್ದು ಭಾಳ ಎಂದು. ಸಂತೆಯ ಬಯಲು ದಾಟಿದ ಮೇಲೆ, "ಮೋಡದಾಗ ಒಮ್ಮೆ ಗುಡ್ಡ ಕಾಣ್ತು" ಎಂದಳು.

ನಾನು ನಿಂತೆ.

"ಬಲಕ್ಕ. ರೆಕ್ಕಿ ಪಕ್ಕಕ್ಕ. ಕೆಂಪು ಮಣ್ಣು, ಗಿಡ, ಗಿಡದ ಎಲಿ ಸೈತ ಕಾಣ್ತಿದ್ವು. ಒಂದು ಗಳಿಗಿ. ಆಮ್ಯಾಲ ಮತ್ತ ಬೆಳ್ಳಗ. ತಮ್ಮ ಬೆಲ್ಲ ತಿನ್ನಾಕ ಹತ್ತಿದ್ದಾಂವ ಉಗುಳಿ ಬಿಟ್ಟ. ಮದರಾಸಿನ ತನಕ ಮುಳ್ಳು ಬಿಟ್ಟು ಕಣ್ಣು ಎತ್ತಲಿಲ್ಲ. ಇಳಿದ ಮ್ಯಾಲ, ಇದನ್ನ ಭಾವಗ ಹೇಳಬ್ಯಾಡ ಅಂದ."

"ಮತ್ತ ಯಾಕ ಹೇಳಿದಿ?"

"ನೀವು ಹೆಂಗಿದ್ರೂ ಅಂಜಾವ್ರು. ಒಮ್ಮ್ಯಾರ ಖರೇ ಇದ್ದದ್ದಕ್ಕ ಅಂಜ್ರಿ ಅಂತ ಹೇಳಿದೆ" ಎಂದು ಅವಳು ತನ್ನ ಬಟ್ಟೆಬರೆಯ ಗಂಟನ್ನು ನನ್ನ ಕೈಗೆ ದಾಟಿಸಿ ಮುಂದೆ ನಡೆದಳು.